ವಾನರ ಬುದ್ಧಿಯ ಆಳ ಅಳೆದ ವುಲ್ಫ್‌ಗ್ಯಾಂಗ್ ಕೋಹ್ಲರ್

ಕೈಗೆಟುಕದ ಹಣ್ಣು, ಎರಡು ಬಿದಿರು ಕೋಲು, ಸರಳುಗಳ ಹಿಂದೆ ಕುಳಿತ ಒಂದು ಚಿಂಪಾಂಜಿ. ಇಷ್ಟೇ ಪರಿಕರಗಳಿಂದ ಪ್ರಾಣಿಗಳ ಬುದ್ಧಿಶಕ್ತಿಯ ಕುರಿತು ಬೇರೂರಿದ್ದ ನಂಬಿಕೆಯನ್ನು ಅಲುಗಾಡಿಸಿದವರು ಜರ್ಮನಿಯ ಮನೋವಿಜ್ಞಾನಿ ವುಲ್ಫ್‌ಗ್ಯಾಂಗ್ ಕೋಹ್ಲರ್. ಮುಂದೆ ನಾಜಿ ಆಡಳಿತವನ್ನು ಬಹಿರಂಗವಾಗಿ ಪ್ರಶ್ನಿಸಿದ ಕೆಲವೇ ಪ್ರಾಧ್ಯಾಪಕರಲ್ಲಿಯೂ ಅವರೊಬ್ಬರಾದರು.

ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಎಸ್ಟೋನಿಯಾದ ರಾಜಧಾನಿಯಾಗಿರುವ ಟ್ಯಾಲಿನ್‌ನಲ್ಲಿ 1887ರ ಜನವರಿ 21ರಂದು ಕೋಹ್ಲರ್ ಜನಿಸಿದರು. ಬಾಲ್ಯದಲ್ಲೇ ಕುಟುಂಬ ಜರ್ಮನಿಗೆ ಮರಳಿತು. 1909ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದ ಅವರು, ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ತೈಮರ್ ಹಾಗೂ ಕುರ್ಟ್ ಕಾಫ್ಕಾ ಅವರ ಒಡನಾಡಿಯಾದರು. ಬಿಡಿಬಿಡಿ ಸಂವೇದನೆಗಳ ಮೊತ್ತವಾಗಿ ಅಲ್ಲ, ಇಡಿಯಾದ ಆಕೃತಿಯಾಗಿ ಮನಸ್ಸು ಜಗತ್ತನ್ನು ಗ್ರಹಿಸುತ್ತದೆ ಎಂಬ ಗೆಸ್ಟಾಲ್ಟ್ ಪಂಥ ರೂಪುಗೊಂಡದ್ದು ಈ ಮೂವರಿಂದ.

1913ರ ಕೊನೆಯಲ್ಲಿ ಅವರು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪಕ್ಕೆ ತೆರಳಿದರು. ಅಲ್ಲಿ ಪ್ರಷ್ಯನ್ ವಿಜ್ಞಾನ ಅಕಾಡೆಮಿಯ ವಾನರ ಸಂಶೋಧನಾ ಕೇಂದ್ರವಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಗಿ ಸ್ವದೇಶದ ದಾರಿ ಮುಚ್ಚಿತು. 1920ರವರೆಗೂ ಅವರ ವಾಸ ದ್ವೀಪದಲ್ಲೇ.

ಅದಕ್ಕೂ ಮುನ್ನ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ಪ್ರಯೋಗ ನಡೆಸಿದ್ದರು. ಪ್ರಾಣಿಗಳು ಕುರುಡು ಯತ್ನ ಹಾಗೂ ಪ್ರಮಾದಗಳಿಂದ ಕಲಿಯುತ್ತವೆಯೇ ವಿನಾ ಸನ್ನಿವೇಶವನ್ನು ಅರಿತಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಬಾಗಿಲು ತೆರೆಯುವ ಯಂತ್ರರಚನೆ ಪೂರ್ಣವಾಗಿ ಕಾಣದಿದ್ದರೆ ಬೆಕ್ಕು ಅರಿಯುವುದಾದರೂ ಏನನ್ನು ಎಂಬುದು ಕೋಹ್ಲರ್ ಅವರ ಆಕ್ಷೇಪ. ಆದ್ದರಿಂದ ತಮ್ಮ ಪ್ರಯೋಗಗಳಲ್ಲಿ ಹಣ್ಣು, ಅಡ್ಡಿ, ಸಾಧನ ಎಲ್ಲವೂ ಪ್ರಾಣಿಯ ಕಣ್ಣೆದುರಿಗೇ ಇರುವಂತೆ ಅವರು ನೋಡಿಕೊಂಡರು.

ಸುಲ್ತಾನ್ ಎಂಬ ಚಿಂಪಾಂಜಿ ಈ ಪ್ರಯೋಗಗಳಿಂದ ಜಗತ್ಪ್ರಸಿದ್ಧವಾಯಿತು. ಒಂದೊಂದು ಕೋಲೂ ಹಣ್ಣಿಗೆ ಎಟುಕದಷ್ಟು ಗಿಡ್ಡ. ಗಂಟೆಗೂ ಹೆಚ್ಚು ಕಾಲ ಹೆಣಗಿದ ಸುಲ್ತಾನ್ ಕೈಚೆಲ್ಲಿತು. ಬಳಿಕ ಕೋಲುಗಳೊಡನೆ ಆಡುತ್ತಿದ್ದಾಗ ಒಂದರ ತುದಿಯನ್ನು ಇನ್ನೊಂದರ ಟೊಳ್ಳಿನೊಳಗೆ ತೂರಿಸಿತು. ಮರುಕ್ಷಣವೇ ಸರಳುಗಳತ್ತ ಧಾವಿಸಿ ಹಣ್ಣನ್ನು ಎಳೆದುಕೊಂಡಿತು. ಗ್ರಾಂಡೆ ಎಂಬ ಹೆಣ್ಣು ಚಿಂಪಾಂಜಿ ನಾಲ್ಕು ಪೆಟ್ಟಿಗೆಗಳನ್ನು ಪೇರಿಸಿ ಎತ್ತರದ ಹಣ್ಣನ್ನು ಮುಟ್ಟಿತು. ಇಂತಹ ಹಠಾತ್ ಅರಿವನ್ನು ಕೋಹ್ಲರ್ ಒಳನೋಟವೆಂದು ಕರೆದರು.

ವಾನರರ ಮಿತಿಗಳನ್ನೂ ಅವರು ಮರೆಮಾಚಲಿಲ್ಲ. ಪೇರಿಸಿದ ಪೆಟ್ಟಿಗೆಗಳು ಸದಾ ಓಲಾಡುತ್ತಿದ್ದವು. ಭಾರದ ಸಮತೋಲನ ಅವಕ್ಕೆ ತಿಳಿಯುತ್ತಿರಲಿಲ್ಲ. ಹಣ್ಣು ಮತ್ತು ಕೋಲು ಒಂದೇ ನೋಟಕ್ಕೆ ಸಿಗದಿದ್ದರೆ ಪರಿಹಾರವೂ ಕಷ್ಟವಾಗುತ್ತಿತ್ತು. ಇವೆಲ್ಲವನ್ನೂ ದಾಖಲಿಸಿದ ಗ್ರಂಥ 1917ರಲ್ಲಿ ಪ್ರಕಟವಾಯಿತು. ರಷ್ಯಾದ ಇವಾನ್ ಪಾವ್ಲೋವ್ ಒಳನೋಟದ ವಾದವನ್ನು ಒಪ್ಪಲಿಲ್ಲ. ಕೋಲು ಹಿಡಿದು ಆಡಿದ ಪೂರ್ವಾನುಭವವೂ ಒಳನೋಟಕ್ಕೆ ನೆರವಾಗುತ್ತದೆ ಎಂದು 1945ರಲ್ಲಿ ಹರ್ಬರ್ಟ್ ಬರ್ಚ್ ಅವರ ಪ್ರಯೋಗ ತೋರಿಸಿತು.

1922ರಲ್ಲಿ ಕೋಹ್ಲರ್ ಬರ್ಲಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1933ರಲ್ಲಿ ಹಿಟ್ಲರ್ ಸರ್ಕಾರ ಯಹೂದಿ ವಿದ್ವಾಂಸರನ್ನು ಹುದ್ದೆಗಳಿಂದ ಕಿತ್ತೊಗೆಯತೊಡಗಿದಾಗ ಬಹುತೇಕ ಪ್ರಾಧ್ಯಾಪಕರು ಮೌನಕ್ಕೆ ಶರಣಾದರು. ಸ್ವತಃ ಯಹೂದಿಯಲ್ಲದ ಕೋಹ್ಲರ್, ಏಪ್ರಿಲ್ 28ರಂದು ಬರ್ಲಿನ್‌ನ ಪತ್ರಿಕೆಯೊಂದರಲ್ಲಿ ಇದನ್ನು ಖಂಡಿಸಿ ಲೇಖನ ಬರೆದರು. ಬಂಧನ ನಿಶ್ಚಿತವೆಂದು ಭಾವಿಸಿ, ಆ ರಾತ್ರಿಯನ್ನು ಮಿತ್ರರೊಡನೆ ವಾದ್ಯ ನುಡಿಸುತ್ತಾ ಕಳೆದರು. ಪೊಲೀಸರು ಬರಲಿಲ್ಲ. ಆದರೆ ಸಂಸ್ಥೆಯ ಮೇಲೆ ದಾಳಿಗಳು ನಡೆದವು, ಸಹಾಯಕರು ಕೆಲಸ ಕಳೆದುಕೊಂಡರು. ಅವರನ್ನು ಉಳಿಸಿಕೊಳ್ಳಲಾಗದ ಕೋಹ್ಲರ್ 1935ರಲ್ಲಿ ರಾಜೀನಾಮೆಯಿತ್ತು ಅಮೆರಿಕಕ್ಕೆ ವಲಸೆ ಹೋದರು.

ಅಲ್ಲಿ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಬೋಧಿಸಿದ ಅವರು, 1959ರಲ್ಲಿ ಅಮೆರಿಕನ್ ಮನೋವೈಜ್ಞಾನಿಕ ಸಂಘದ ಅಧ್ಯಕ್ಷರಾದರು. ಮರುವರ್ಷ ಟಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್, ಗೆದ್ದಲು ಹಿಡಿಯಲು ಕಡ್ಡಿಯನ್ನು ಸಿದ್ಧಪಡಿಸಿಕೊಳ್ಳುವ ಚಿಂಪಾಂಜಿಗಳನ್ನು ಕಂಡರು. ಪ್ರಯೋಗಶಾಲೆಯ ಆವರಣದಲ್ಲಿ ಕೋಹ್ಲರ್ ಗುರುತಿಸಿದ್ದ ಸಾಧನಪ್ರಜ್ಞೆಗೆ ಕಾಡಿನಲ್ಲೂ ಸಾಕ್ಷ್ಯ ದೊರೆತಿತ್ತು. 1967ರ ಜೂನ್ 11ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೋಹ್ಲರ್ ನಿಧನರಾದರು.