ನೋಟಿನ ಮೇಲೆ ಸಹಿ ಮಾಡಿದವರು: ಬೆನಗಲ್ ರಾಮರಾಯರು

ಹಣ ಮತ್ತು ಬ್ಯಾಂಕಿಂಗ್ ಎಂಬ ವಿಷಯವನ್ನು ಪದವಿ ತರಗತಿಗಳಿಗೆ ಬೋಧಿಸಿ ನಿವೃತ್ತನಾದವನು ನಾನು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಆ ಪಾಠದ ಅತಿ ಕಠಿಣ ಪ್ರಶ್ನೆಯನ್ನು ಸ್ವತಃ ಎದುರಿಸಿದ ಮಹನೀಯರೊಬ್ಬರ ನೆನಪಾಯಿತು. ಬಡ್ಡಿಯ ದರವನ್ನು ನಿರ್ಧರಿಸುವ ಅಧಿಕಾರ ಯಾರದು, ಸರ್ಕಾರದ್ದೋ ರಿಸರ್ವ್ ಬ್ಯಾಂಕಿನದೋ ಎಂಬುದೇ ಆ ಪ್ರಶ್ನೆ.

ಬೆನಗಲ್ ರಾಮರಾಯರು ದಕ್ಷಿಣ ಕನ್ನಡದ ಸಾರಸ್ವತ ಮನೆತನದವರು, 1889ರಲ್ಲಿ ಜನಿಸಿದರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾಯರೂ ಪತ್ರಕರ್ತ ಬಿ. ಶಿವರಾಯರೂ ಇವರ ಸಹೋದರರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್, ಐ.ಸಿ.ಎಸ್., ಮುಂಬಯಿ ಬಂದರು ಮಂಡಳಿಯ ಅಧ್ಯಕ್ಷತೆ, ಜಪಾನ್ ಮತ್ತು ಅಮೆರಿಕದಲ್ಲಿ ರಾಯಭಾರ: ಇವಿಷ್ಟೂ ದಾಟಿ 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಏಳೂವರೆ ವರ್ಷಗಳ ಅವರ ಅವಧಿಯನ್ನು ಮತ್ತಾವ ಗವರ್ನರರೂ ಮೀರಿಲ್ಲ.

ಸೆಪ್ಟೆಂಬರಿನಲ್ಲೇ ಪೌಂಡಿನೊಡನೆ ರೂಪಾಯಿಯ ಅಪಮೌಲ್ಯವಾಯಿತು. 1935ರಿಂದ ಶೇಕಡಾ 3ರಲ್ಲೇ ನಿಂತಿದ್ದ ಬ್ಯಾಂಕ್ ದರವನ್ನು 1951ರ ನವೆಂಬರಿನಲ್ಲಿ ಅವರು 3.5ಕ್ಕೆ ಏರಿಸಿದರು. ಬ್ಯಾಂಕ್ ದರವೆಂದರೆ ಇತರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರ. ಅದು ಏರಿದರೆ ಪೇಟೆಯ ಸಾಲವೂ ತುಟ್ಟಿಯಾಗುತ್ತದೆ, ಬೆಲೆಗಳ ಓಟ ತಗ್ಗುತ್ತದೆ.

ನಮ್ಮಂತಹ ಬೆಟ್ಟದ ಸೀಮೆಯವರಿಗೆ ಹತ್ತಿರವಾದ ಕೆಲಸ ಬೇರೊಂದಿದೆ. ಅವರ ಕಾಲದಲ್ಲಿ ನಡೆದ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಿತು. ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು, ವಾಣಿಜ್ಯ ಬ್ಯಾಂಕುಗಳದು ಶೇಕಡಾ 1ಕ್ಕೂ ಕಡಿಮೆ. ಸುಮಾರು 70 ಪಾಲು ಲೇವಾದೇವಿಗಾರರದು! ಊರಿನ ಹಿರಿಯರಿಗೆ ಇದನ್ನು ತಿಳಿಯಲು ವರದಿ ಬೇಕಿರಲಿಲ್ಲವೆನ್ನಿ. ಇದರ ಫಲವಾಗಿ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದರ ಮೇಲೆ ಬಿದ್ದಿತು.

1956ರ ನವೆಂಬರ್ 1ರಂದು ರಾಯರ ದಕ್ಷಿಣ ಕನ್ನಡವೂ ನೆರೆಯ ಕೊಳ್ಳೇಗಾಲವೂ ಮೈಸೂರಿಗೆ ಸೇರಿದವು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅದೇ ತಿಂಗಳ ಹಣಕಾಸು ಪ್ರಸ್ತಾವಗಳಲ್ಲಿ ಸಚಿವ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದು ಅಂತಹ ಹುಂಡಿಗಳ ಆಧಾರದ ಮೇಲೆಯೇ. ಹೀಗಾಗಿ ಕಾಗದದ ಮೇಲೆ ದರ 3.5 ಆಗಿಯೇ ಉಳಿದರೂ ನಿಜವಾದ ವೆಚ್ಚ ಶೇಕಡಾ 4ಕ್ಕೆ ಮುಟ್ಟುವಂತಾಯಿತು. ತೆರಿಗೆಯ ಬಾಗಿಲಿನಿಂದ ಹಣಕಾಸು ನೀತಿ ಒಳನುಗ್ಗಿತು.

ಸಾಲ ಬಿಗಿಯಾಗಬೇಕೆಂಬುದರಲ್ಲಿ ರಾಯರಿಗೆ ತಕರಾರಿರಲಿಲ್ಲ. ಬ್ಯಾಂಕಿನ ಕೆಲಸವನ್ನು ಬ್ಯಾಂಕಿನ ತಲೆಯ ಮೇಲಿಂದ ಮಾಡಿದುದಕ್ಕೆ ಆಕ್ಷೇಪ. ಸಚಿವರು ರಿಸರ್ವ್ ಬ್ಯಾಂಕನ್ನು ತಮ್ಮ ಸಚಿವಾಲಯದ ಒಂದು ವಿಭಾಗವೆಂದೇ ಬಗೆದರು. ಬಿರುಸಿನ ಮಾತುಗಳೂ ಆದವು. ಪ್ರಧಾನಿ ನೆಹರೂ ಅವರು ಸಚಿವರ ಪರವಾಗಿ ನಿಂತರು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆಯಿತ್ತು ಹೊರನಡೆದರು. ಅದೇ ಮೇ ತಿಂಗಳಲ್ಲಿ ಬ್ಯಾಂಕ್ ದರವೇ ಬಹಿರಂಗವಾಗಿ ಶೇಕಡಾ 4ಕ್ಕೆ ಏರಿತು.

ಯಾರು ಸರಿ? ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುತ್ತಿದ್ದರು. 1949ರಲ್ಲೇ ರಾಷ್ಟ್ರೀಕೃತವಾದ ಬ್ಯಾಂಕಿಗೆ ನಿರ್ದೇಶನ ನೀಡಲು ಕಾನೂನು ಸರ್ಕಾರಕ್ಕೆ ಅವಕಾಶ ಕೊಟ್ಟಿತ್ತು. ಚುನಾಯಿತರ ಮಾತಿಗೆ ತೂಕವೂ ಇರಬೇಕು. ಆದರೂ ಸಾಲ ಮಾಡುವವನೇ ಬಡ್ಡಿಯನ್ನು ನಿಶ್ಚಯಿಸುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ, ಮತ್ತು ಸರ್ಕಾರವೇ ದೇಶದ ಅತಿ ದೊಡ್ಡ ಸಾಲಗಾರ. 2016ರಿಂದ ಆರು ಸದಸ್ಯರ ಸಮಿತಿಯೊಂದು ದರವನ್ನು ನಿರ್ಧರಿಸುತ್ತಿದೆ. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು.

1969ರ ಜುಲೈಯಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಆ ಡಿಸೆಂಬರಿನಲ್ಲಿ ರಾಯರು ತೀರಿಕೊಂಡರು. ಅವರ ಸಹಿಯುಳ್ಳ ಹಳೆಯ ನೋಟು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ತಿರುವಿ ನೋಡಿ: ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡವೂ ಇದೆ.