ಸಾಯುವ ಗೆಳೆಯನಿಗೆ ಕೊಟ್ಟ ಮಾತು, 600 ಮೈಲಿಯ ಹಾದಿ: ಕೌಬಾಯ್ ಚಾರ್ಲ್ಸ್ ಗುಡ್‌ನೈಟ್ ಬದುಕಿನ ಕಥೆ

ಕೌಬಾಯ್ ಎಂದ ಕೂಡಲೇ ಕಣ್ಣಿಗೆ ಬರುವುದು ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸಿ ಓಡುವ ಕುದುರೆ. ಇದು ಹಾಲಿವುಡ್ ಕೊಟ್ಟ ಚಿತ್ರ. ಅಸಲಿ ಕೌಬಾಯ್ ಎಂದರೆ ಸಂಬಳಕ್ಕೆ ದನ ಕಾಯುವ ಆಳು. ತಿಂಗಳಿಗೆ 25ರಿಂದ 40 ಡಾಲರ್ ಪಡೆದು, ಸಾವಿರಾರು ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವುದು ಅವನ ಕೆಲಸವಾಗಿತ್ತು.

ಪೊಲೀಸ್ ಠಾಣೆ, ಕೋರ್ಟು, ಬ್ಯಾಂಕು ಯಾವುದೂ ಹತ್ತಿರದಲ್ಲಿಲ್ಲದ ಆ ಬಯಲಿನಲ್ಲಿ ಈ ಜನರ ನಡುವೆ ಒಂದು ಕಟ್ಟಳೆ ಬೆಳೆದುಬಂತು. ಆಡಿದ ಮಾತು ಉಳಿಸಿಕೊಳ್ಳಬೇಕು. ಹಿಡಿದ ಕೆಲಸ ಮುಗಿಸಬೇಕು. ಹಸಿದು ಬಂದವನಿಗೆ ಊಟ ಹಾಕಬೇಕು. ಜೊತೆಗಾರನನ್ನು ನಡುದಾರಿಯಲ್ಲಿ ಬಿಟ್ಟು ಹೋಗಬಾರದು. ಇದನ್ನೇ ಅಮೆರಿಕನ್ನರು 'ಕೋಡ್ ಆಫ್ ದಿ ವೆಸ್ಟ್' ಎಂದು ಕರೆಯುತ್ತಾರೆ.

ಹೇಳಲು ಸುಲಭವಾದ ಈ ಕಟ್ಟಳೆ ನಿಜ ಬದುಕಿನಲ್ಲಿ ಹೇಗಿತ್ತು? ಅದು ಎಲ್ಲಿ ಗಟ್ಟಿಯಾಗಿ ನಿಂತಿತು, ಎಲ್ಲಿ ಕೈಕೊಟ್ಟಿತು? ಉತ್ತರ ಬೇಕಿದ್ದರೆ ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ (1836-1929) ಅವರ ಕಥೆ ತಿಳಿಯಬೇಕು.

ಜೀನಿಲ್ಲದ ಕುದುರೆ ಮೇಲೆ 800 ಮೈಲಿ

ಗುಡ್‌ನೈಟ್ ಹುಟ್ಟಿದ್ದು 1836ರ ಮಾರ್ಚ್ 5ರಂದು, ಇಲಿನಾಯ್ ರಾಜ್ಯದಲ್ಲಿ. ಐದು ವರ್ಷದವರಿದ್ದಾಗ ತಂದೆ ನ್ಯುಮೋನಿಯಾದಿಂದ ತೀರಿಕೊಂಡರು. ತಾಯಿ ಮರುಮದುವೆಯಾದರು. 1845ರ ಕೊನೆಯಲ್ಲಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಟೆಕ್ಸಾಸ್ ಕಡೆಗೆ ಹೊರಟಿತು. ಒಂಬತ್ತು ವರ್ಷದ ಹುಡುಗ ಜೀನಿಲ್ಲದ ಹೆಣ್ಣು ಕುದುರೆ ಏರಿ ಸುಮಾರು 800 ಮೈಲಿ ಬಂದ.

ಶಾಲೆಯ ಮೆಟ್ಟಿಲು ಹತ್ತಿದ್ದು ಕೆಲವೇ ತಿಂಗಳು. ಜೀವನವಿಡೀ ಓದು ಬರಹ ಅವರಿಗೆ ಅಷ್ಟಕ್ಕಷ್ಟೇ. ಆದರೆ ನೀರು ಎಲ್ಲಿದೆ, ದನಗಳು ಯಾವಾಗ ಬೆದರುತ್ತವೆ, ಹೆಜ್ಜೆ ಗುರುತು ಯಾರದ್ದು ಎಂದು ಹೇಳುವುದರಲ್ಲಿ ಎತ್ತಿದ ಕೈ.

20ರ ಹರೆಯದಲ್ಲಿ ಮಲಸಹೋದರನ ಜೊತೆ ಸೇರಿ ಬೇರೆಯವರ ದನ ಸಾಕಲು ಒಪ್ಪಿಕೊಂಡರು. ಹುಟ್ಟುವ ಪ್ರತಿ ನಾಲ್ಕನೇ ಕರು ಇವರಿಗೆ. ನಮ್ಮ ಹಳ್ಳಿಗಳಲ್ಲಿ ಪಾಲಿಗೆ ದನ ಸಾಕುವಂಥದ್ದೇ ಲೆಕ್ಕ. ಹೀಗೆ ಕರು ಕರು ಸೇರಿಸಿ ಸ್ವಂತ ಹಿಂಡು ಕಟ್ಟಿದರು.

1860ರಲ್ಲಿ ಗುಡ್‌ನೈಟ್ ಟೆಕ್ಸಾಸ್ ರೇಂಜರ್ಸ್ ಪಡೆಗೆ ದಾರಿ ತೋರಿಸುವ ಸ್ಕೌಟ್ ಆಗಿದ್ದರು. ಆ ವರ್ಷ ಡಿಸೆಂಬರ್‌ನಲ್ಲಿ ಪೀಸ್ ನದಿ ದಂಡೆಯ ಕೊಮಾಂಚಿ ಮೂಲನಿವಾಸಿಗಳ ಬಿಡಾರದ ಮೇಲೆ ದಾಳಿ ನಡೆಯಿತು. ಅಲ್ಲಿ ಸಿಕ್ಕವರು ಸಿಂಥಿಯಾ ಆನ್ ಪಾರ್ಕರ್. ಬಾಲ್ಯದಲ್ಲೇ ಕೊಮಾಂಚಿಗಳ ಪಾಲಾಗಿದ್ದ ಈ ಬಿಳಿಯ ಹೆಣ್ಣುಮಗಳು ಅಷ್ಟರಲ್ಲಿ ಅವರಲ್ಲೇ ಒಬ್ಬರಾಗಿ, ಮಕ್ಕಳ ತಾಯಿಯಾಗಿದ್ದರು. ಅವರನ್ನು ಬಲವಂತವಾಗಿ ಬಿಳಿಯ ಬಂಧುಗಳ ಬಳಿಗೆ ಒಯ್ಯಲಾಯಿತು. ಅವರ ಮಗ ಕ್ವಾನಾ ಪಾರ್ಕರ್. ಈ ಹೆಸರು ಗುಡ್‌ನೈಟ್ ಬದುಕಿನಲ್ಲಿ ಮತ್ತೆ ಬರುತ್ತದೆ.

2,000 ದನ, 18 ಜನ, ನೀರಿಲ್ಲದ ದಾರಿ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನಲ್ಲಿ ದನಗಳಿಗೆ ಲೆಕ್ಕವಿರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಅತ್ತ ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ ಸರ್ಕಾರ ಎಂಟು ಸಾವಿರಕ್ಕೂ ಹೆಚ್ಚು ನವಾಹೋ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ತಂದು ಕೂಡಿಹಾಕಿತ್ತು. ಅಲ್ಲಿ ಊಟಕ್ಕೆ ತತ್ವಾರ. ಮಾಂಸಕ್ಕೆ ಸೇನೆ ಒಳ್ಳೆಯ ಬೆಲೆ ಕೊಡುತ್ತಿತ್ತು.

ಗುಡ್‌ನೈಟ್ ಅವರಿಗೆ ಜೊತೆಯಾದವರು ಆಲಿವರ್ ಲವಿಂಗ್. ವಯಸ್ಸಿನಲ್ಲಿ 23 ವರ್ಷಕ್ಕೂ ಹೆಚ್ಚು ಹಿರಿಯರು, ದನದ ವ್ಯಾಪಾರದಲ್ಲಿ ಪಳಗಿದವರು. 1866ರ ಜೂನ್‌ನಲ್ಲಿ ಸುಮಾರು 2,000 ದನ, 18 ಜನರೊಂದಿಗೆ ಇಬ್ಬರೂ ಹೊರಟರು. ನೇರ ದಾರಿ ಕೊಮಾಂಚಿಗಳ ನಾಡಿನ ಮೂಲಕ ಹೋಗುತ್ತಿತ್ತು. ಅದನ್ನು ತಪ್ಪಿಸಲು ನೈಋತ್ಯಕ್ಕೆ ಬಳಸಿ ಹೋದರು. ಪೆಕೋಸ್ ನದಿ ಸಿಗುವ ಮೊದಲು ಸುಮಾರು 80 ಮೈಲಿ ಹನಿ ನೀರಿಲ್ಲ. ನೀರಿನ ವಾಸನೆ ಮೂಗಿಗೆ ಬಡಿದಾಗ ಬಾಯಾರಿದ ದನಗಳು ಹುಚ್ಚೆದ್ದು ನದಿಗೆ ನುಗ್ಗಿದವು. ನೂರಾರು ದನ ದಾರಿಯಲ್ಲೇ ಸತ್ತವು. ಆದರೂ ಈ ಪಯಣ 12,000 ಡಾಲರ್ ಮೌಲ್ಯದ ಚಿನ್ನ ತಂದುಕೊಟ್ಟಿತು. ಆ ಹಾದಿಗೆ ಗುಡ್‌ನೈಟ್-ಲವಿಂಗ್ ಟ್ರೇಲ್ ಎಂಬ ಹೆಸರು ಬಂತು.

ಹಳೆಯ ಸೇನಾ ಗಾಡಿಯೊಂದರ ಹಿಂಬದಿಗೆ ಖಾನೆಗಳ ಪೆಟ್ಟಿಗೆ ಜೋಡಿಸಿ, ಅದನ್ನು ಓಡಾಡುವ ಅಡುಗೆಮನೆ ಮಾಡಿದ್ದೂ ಗುಡ್‌ನೈಟ್. ಚಕ್‌ವ್ಯಾಗನ್ ಎಂದು ಹೆಸರಾದ ಈ ಗಾಡಿ ಮುಂದೆ ಎಲ್ಲ ಕೌಬಾಯ್ ತಂಡಗಳಿಗೂ ಬೇಕಾಯಿತು.

ಇನ್ನೊಂದು ಸಂಗತಿ ಗಮನಿಸಬೇಕು. ಹೊರಡುವ ಮೊದಲು ಯಾರ ಕೆಲಸ ಏನು ಎಂದು ಕರಾರು ಪತ್ರ ಮಾಡಿಸುವುದು ಗುಡ್‌ನೈಟ್ ರೂಢಿಯಾಗಿತ್ತು. ತಂಡದಲ್ಲಿ ಒಬ್ಬ ಇನ್ನೊಬ್ಬನಿಗೆ ಗುಂಡು ಹೊಡೆದರೆ ತಂಡವೇ ವಿಚಾರಣೆ ನಡೆಸಿ, ತಪ್ಪು ಸಾಬೀತಾದರೆ ಅಲ್ಲೇ ಗಲ್ಲಿಗೇರಿಸಬೇಕು ಎಂಬುದು ಅದರ ಮುಖ್ಯ ಷರತ್ತು. ಅಂದರೆ ಈ ಕಟ್ಟಳೆ ಬರೀ ಒಳ್ಳೆಯತನದಿಂದ ಹುಟ್ಟಿದ್ದಲ್ಲ. ನಂಬಿಕೆ ಮುರಿದರೆ ಎಲ್ಲರೂ ಸಾಯುವಂಥ ಜಾಗದಲ್ಲಿ, ಬದುಕಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು.

ತಗಡಿನ ಪೆಟ್ಟಿಗೆಯಲ್ಲಿ ಊರಿಗೆ

1867ರಲ್ಲಿ ಮತ್ತೊಂದು ಪಯಣ. ಮಾಂಸದ ಗುತ್ತಿಗೆ ಕೈತಪ್ಪದಿರಲಿ ಎಂದು ಲವಿಂಗ್ ಒಂದೇ ಕೈಯಿದ್ದ ಬಿಲ್ ವಿಲ್ಸನ್ ಎಂಬ ಕೌಬಾಯ್ ಜೊತೆ ಹಿಂಡಿಗಿಂತ ಮುಂದೆ ಹೊರಟರು. ಪೆಕೋಸ್ ನದಿಯ ಬಳಿ ಕೊಮಾಂಚಿಗಳು ಇಬ್ಬರನ್ನೂ ಸುತ್ತುವರಿದರು. ಲವಿಂಗ್ ಮಣಿಕಟ್ಟಿಗೆ, ಪಕ್ಕೆಗೆ ಗುಂಡು ಬಿತ್ತು. ರಾತ್ರಿ ವಿಲ್ಸನ್ ನದಿಗಿಳಿದು ತಪ್ಪಿಸಿಕೊಂಡರು. ಬರಿಗಾಲಲ್ಲಿ ದಿನಗಟ್ಟಲೆ ನಡೆದು ಗುಡ್‌ನೈಟ್ ಅವರಿಗೆ ಸುದ್ದಿ ಮುಟ್ಟಿಸಿದರು.

ಲವಿಂಗ್ ಹೇಗೋ ಫೋರ್ಟ್ ಸಮ್ನರ್ ಸೇರಿದ್ದರು. ಆದರೆ ತೋಳಿನ ಗಾಯ ಕೊಳೆತು ವಿಷವಾಗಿತ್ತು. 1867ರ ಸೆಪ್ಟೆಂಬರ್ 25ರಂದು ಕೊನೆಯುಸಿರೆಳೆದರು. ಸಾಯುವ ಮೊದಲು ಗೆಳೆಯನ ಬಳಿ ಎರಡು ವಿಷಯ ಕೇಳಿಕೊಂಡರು. ತನ್ನನ್ನು ಪರಊರಿನಲ್ಲಿ ಹೂಳದೆ ಟೆಕ್ಸಾಸ್ ಮಣ್ಣಿಗೆ ಒಯ್ಯಬೇಕು. ತನ್ನ ಕುಟುಂಬದ ಸಾಲ ತೀರುವಂತೆ ಪಾಲುದಾರಿಕೆಯನ್ನು ಇನ್ನೂ ಎರಡು ವರ್ಷ ಮುಂದುವರಿಸಬೇಕು.

ಗುಡ್‌ನೈಟ್ ಒಪ್ಪಿಕೊಂಡರು. ಆ ಮಾತಿಗೆ ಕಾಗದವಿರಲಿಲ್ಲ. ತಪ್ಪಿದರೆ ಕೇಳಲು ಲವಿಂಗ್ ಬದುಕಿರುವುದಿಲ್ಲ. ನೂರಾರು ಮೈಲಿ ದೂರದ ಮನೆಯವರಿಗೆ ಗೊತ್ತಾಗುವ ಸಾಧ್ಯತೆಯೂ ಕಡಿಮೆ.

ದೇಹವನ್ನು ತಾತ್ಕಾಲಿಕವಾಗಿ ಅಲ್ಲೇ ಹೂಳಿ ಗುಡ್‌ನೈಟ್ ಮೊದಲು ಹಿಂಡನ್ನು ಕೊಲೊರಾಡೊಗೆ ಮುಟ್ಟಿಸಿದರು. ನಂತರ ವಾಪಸ್ ಬಂದು ಸಮಾಧಿ ತೆರೆಸಿದರು. ಕೌಬಾಯ್‌ಗಳು ಹಳೆಯ ಎಣ್ಣೆ ಡಬ್ಬಿಗಳನ್ನು ಬಡಿದು ಚಪ್ಪಟೆ ಮಾಡಿ, ಬೆಸುಗೆ ಹಾಕಿ ತಗಡಿನ ಪೆಟ್ಟಿಗೆ ತಯಾರಿಸಿದರು. ಶವಪೆಟ್ಟಿಗೆಯ ಸುತ್ತ ಇದ್ದಿಲು ತುಂಬಿ ಅದರೊಳಗೆ ಇರಿಸಿದರು. ಗಾಡಿಯಲ್ಲಿ ಸುಮಾರು 600 ಮೈಲಿ ಕ್ರಮಿಸಿ, 1868ರ ಮಾರ್ಚ್ 4ರಂದು ಟೆಕ್ಸಾಸ್‌ನ ವೆದರ್‌ಫರ್ಡ್ ಊರಿನ ಗ್ರೀನ್‌ವುಡ್ ಸ್ಮಶಾನದಲ್ಲಿ ಲವಿಂಗ್ ಮಣ್ಣಾದರು. ಎರಡನೇ ಮಾತೂ ಉಳಿಯಿತು. ನಂತರದ ಲಾಭದಲ್ಲಿ ಲವಿಂಗ್ ಕುಟುಂಬಕ್ಕೆ ಪಾಲು ಸಂದಾಯವಾಯಿತು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ನಿಷ್ಠೆ ಹೊಸದಲ್ಲ. ದುಡಿಮೆಗಾಗಿ ಊರು ಬಿಟ್ಟು ಬಂದವರಿಗಂತೂ ಊರ ಮಣ್ಣು ಸೇರಬೇಕೆಂಬ ಲವಿಂಗ್ ಆಸೆಯ ತೂಕ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿನ್ನದ ಗಂಟು ಹೊತ್ತ ಬೋಸ್ ಐಕಾರ್ಡ್

ಈ ಪಯಣಗಳಲ್ಲಿ ಇನ್ನೊಬ್ಬರಿದ್ದರು: ಬೋಸ್ ಐಕಾರ್ಡ್. ಮಿಸಿಸಿಪ್ಪಿಯಲ್ಲಿ ಗುಲಾಮರಾಗಿ ಹುಟ್ಟಿದ ಕಪ್ಪು ವರ್ಣೀಯ. ಗುಲಾಮಗಿರಿ ಕೊನೆಗೊಂಡ ಮರುವರ್ಷವೇ, ಅಂದರೆ 1866ರಲ್ಲಿ, ತಂಡ ಸೇರಿದರು. ಆಗಿನ ಕೌಬಾಯ್‌ಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಕಪ್ಪು ವರ್ಣೀಯರು ಎಂಬುದು ಅನೇಕ ಇತಿಹಾಸಕಾರರ ಅಂದಾಜು. ಹಳೆಯ ಸಿನಿಮಾಗಳಲ್ಲಿ ಅವರು ಕಾಣುವುದೇ ಅಪರೂಪ.

ದನ ಮಾರಿದ ಹಣವನ್ನು ಹಾದಿಯಲ್ಲಿ ಜೊತೆಗೇ ಹೊತ್ತು ತರಬೇಕಿತ್ತು. ಗುಡ್‌ನೈಟ್ ಆ ಹಣವನ್ನು ಐಕಾರ್ಡ್ ಕೈಗೆ ಕೊಡುತ್ತಿದ್ದರು, ಒಮ್ಮೊಮ್ಮೆ 20,000 ಡಾಲರ್‌ವರೆಗೂ. ಕಪ್ಪು ವರ್ಣೀಯನ ಬಳಿ ಇಷ್ಟು ಹಣವಿರುತ್ತದೆ ಎಂದು ಕಳ್ಳರು ಊಹಿಸುವುದಿಲ್ಲ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಐಕಾರ್ಡ್ ಅವರನ್ನು ನಂಬಿದಷ್ಟು ಇನ್ಯಾರನ್ನೂ ನಂಬಲಿಲ್ಲ ಎಂದು ಗುಡ್‌ನೈಟ್ ಮುಪ್ಪಿನಲ್ಲಿ ನೆನೆದಿದ್ದಾರೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಲವಿಂಗ್ ಪಾಲುದಾರರಾಗಿದ್ದರು, ಅವರ ಕುಟುಂಬಕ್ಕೆ ಲಾಭದ ಪಾಲು ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ನಂಬಿಕೆ ಗಳಿಸಿದ ಐಕಾರ್ಡ್ ಮಾತ್ರ ಸಂಬಳದ ಆಳಾಗಿಯೇ ಉಳಿದರು. ನಂಬಿಕೆ ಬಣ್ಣದ ಗೆರೆ ದಾಟಿತು, ಪಾಲು ದಾಟಲಿಲ್ಲ.

ಕ್ವಾನಾ ಬಂದ ದಿನ

1876ರಲ್ಲಿ ಗುಡ್‌ನೈಟ್ ಉತ್ತರ ಟೆಕ್ಸಾಸ್‌ನ ಪಾಲೊ ಡ್ಯೂರೊ ಕಣಿವೆಗೆ ಹಿಂಡು ಇಳಿಸಿದರು. ಮರುವರ್ಷ ಐರ್ಲೆಂಡ್ ಮೂಲದ ಶ್ರೀಮಂತ ಜಾನ್ ಅಡೇರ್ ಬಂಡವಾಳದೊಂದಿಗೆ ಜೆಎ ರಾಂಚ್ ಶುರುವಾಯಿತು. 1885ರ ವೇಳೆಗೆ ಅದು 13 ಲಕ್ಷ ಎಕರೆಗೂ ಹೆಚ್ಚು ಹರಡಿತ್ತು. ಒಂದು ಲಕ್ಷ ದನಗಳಿದ್ದವು. ಕುಡಿತ, ಜೂಜು, ಹೊಡೆದಾಟ ಮೂರೂ ಅಲ್ಲಿ ನಿಷಿದ್ಧ.

ಆ ಕಣಿವೆ ಖಾಲಿ ಬಿದ್ದಿದ್ದ ನೆಲವೇನಲ್ಲ. ಎರಡೇ ವರ್ಷದ ಹಿಂದೆ, 1874ರಲ್ಲಿ, ಅಮೆರಿಕದ ಸೇನೆ ಅಲ್ಲಿದ್ದ ಕೊಮಾಂಚಿ, ಕಯೋವಾ ಬಿಡಾರಗಳನ್ನು ಸುಟ್ಟು, ಅವರ ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕೊಂದು ಜನರನ್ನು ಓಡಿಸಿತ್ತು.

1878ರಲ್ಲಿ ಬೈಸನ್ ಬೇಟೆಗೆಂದು ಕೊಮಾಂಚಿಗಳ ಗುಂಪೊಂದು ಮತ್ತೆ ಅಲ್ಲಿಗೆ ಬಂತು. ಮುಂದಾಳು ಕ್ವಾನಾ ಪಾರ್ಕರ್. 18 ವರ್ಷದ ಹಿಂದೆ ಅವರ ತಾಯಿಯನ್ನು ಕಿತ್ತೊಯ್ದ ಪಡೆಗೆ ದಾರಿ ತೋರಿಸಿದ್ದ ಮನುಷ್ಯ ಈಗ ಎದುರಿಗಿದ್ದರು. ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಬೈಸನ್‌ಗಳು ಆಗಲೇ ನಿರ್ನಾಮವಾಗಿದ್ದವು. ಬಂದವರು ಹಸಿದಿದ್ದರು. ತನ್ನ ಹಿಂಡಿನ ತಂಟೆಗೆ ಬರದಿದ್ದರೆ ಎರಡು ದಿನಕ್ಕೊಮ್ಮೆ ಎರಡು ದನ ಕೊಡುವುದಾಗಿ ಗುಡ್‌ನೈಟ್ ಒಪ್ಪಂದ ಮಾಡಿಕೊಂಡರು. ಎರಡೂ ಕಡೆಯವರು ಮಾತಿನಂತೆ ನಡೆದರು. ಮುಂದೆ ಇಬ್ಬರ ನಡುವೆ ಸ್ನೇಹವೂ ಬೆಳೆಯಿತು.

ಹಸಿದವನಿಗೆ ಊಟ ಹಾಕಬೇಕೆಂಬ ಕಟ್ಟಳೆ ಇಲ್ಲಿ ಪಾಲನೆಯಾಯಿತು ನಿಜ. ಆದರೆ ಊಟ ಹಾಕಿದ್ದು ಅವರದ್ದೇ ನೆಲದಲ್ಲಿ ನಿಂತು.

ಗುಡ್‌ನೈಟ್ ಪತ್ನಿ ಮೇರಿ ಆನ್ ತಾಯಿ ಕಳೆದುಕೊಂಡ ಬೈಸನ್ ಕರುಗಳನ್ನು ಉಳಿಸಿಕೊಳ್ಳುವಂತೆ ಪತಿಯ ಮನವೊಲಿಸಿದರು. ಆ ಕೆಲವೇ ಕರುಗಳಿಂದ ಹಿಂಡು ಬೆಳೆಯಿತು. ಅದರ ವಂಶ ಇಂದಿಗೂ ಟೆಕ್ಸಾಸ್‌ನ ಕ್ಯಾಪ್‌ರಾಕ್ ಕ್ಯಾನ್ಯನ್ಸ್ ಸ್ಟೇಟ್ ಪಾರ್ಕ್‌ನಲ್ಲಿದೆ.

ಕಟ್ಟಳೆ ಈಗ ಕಾನೂನು

ಗುಡ್‌ನೈಟ್ ಕಥೆ ಅವರ ಕಾಲಕ್ಕೇ ಮುಗಿಯಲಿಲ್ಲ. ಲ್ಯಾರಿ ಮೆಕ್‌ಮರ್ಟ್ರಿ ಅವರ 1985ರ ಕಾದಂಬರಿ 'ಲೋನ್‌ಸಮ್ ಡವ್' ಲವಿಂಗ್ ದೇಹವನ್ನು ಊರಿಗೆ ತಂದ ಘಟನೆಯ ನೆರಳಿನಲ್ಲೇ ಮೂಡಿದ್ದು. ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, ಟಿವಿ ಸರಣಿಯೂ ಆಯಿತು. 2004ರಲ್ಲಿ ಜೇಮ್ಸ್ ಓವನ್ ಎಂಬ ಲೇಖಕರು ಕೌಬಾಯ್ ನೀತಿಯನ್ನು ಹತ್ತು ಸೂತ್ರಗಳಾಗಿ ಬರೆದು, ವಾಲ್ ಸ್ಟ್ರೀಟ್‌ನ ಹಣಕಾಸು ಮಂದಿ ಇದನ್ನು ಕಲಿಯಬೇಕು ಎಂದರು. 2010ರಲ್ಲಿ ವಯೋಮಿಂಗ್ ರಾಜ್ಯ ಆ ಸೂತ್ರಗಳನ್ನು ತನ್ನ ಅಧಿಕೃತ ರಾಜ್ಯ ನೀತಿಯಾಗಿ ಅಂಗೀಕರಿಸಿತು. ಪಾಲಿಸದಿದ್ದರೆ ಶಿಕ್ಷೆಯಿಲ್ಲ, ಅದು ಸಾಂಕೇತಿಕ.

ಕಂಪನಿಗಳಿಗೆ ಇದರಲ್ಲಿ ತುಂಬಾ ಇಷ್ಟವಾಗುವ ಸೂತ್ರ, ದುಡಿಯುವ ರಾಂಚ್‌ಗೆ ನಿಷ್ಠನಾಗಿರು ಎಂಬುದು. ಆದರೆ ಇತಿಹಾಸದ ಇನ್ನೊಂದು ಪುಟವೂ ಇದೆ. 1883ರಲ್ಲಿ ಗುಡ್‌ನೈಟ್ ರಾಂಚ್‌ಗೆ ನೆರೆಯ ರಾಂಚ್‌ಗಳ ಕೌಬಾಯ್‌ಗಳು ತಿಂಗಳಿಗೆ 50 ಡಾಲರ್ ಕೊಡಿ ಎಂದು ಮುಷ್ಕರ ಹೂಡಿದರು. ಮಾಲೀಕರು ಅವರನ್ನು ಕೆಲಸದಿಂದ ತೆಗೆದು ಬೇರೆಯವರನ್ನು ಸೇರಿಸಿಕೊಂಡರು. ಮುಷ್ಕರ ಸೋತಿತು. ನಿಷ್ಠೆ ಆಳಿನಿಂದ ಮಾತ್ರ ನಿರೀಕ್ಷಿಸಿದರೆ ಅದು ಕಟ್ಟಳೆಯಲ್ಲ, ಬರೀ ಅನುಕೂಲ.

ಹಾಗಾದರೆ ಈ ಕಟ್ಟಳೆಗೆ ಇಂದು ಬೆಲೆಯಿಲ್ಲವೇ? ಇದೆ. ಕರಾರಿಗೆ ಸಹಿ, ಹಣಕ್ಕೆ ಒಟಿಪಿ, ಪ್ರತಿ ಮಾತಿಗೆ ಸ್ಕ್ರೀನ್‌ಶಾಟ್ ಇರುವ ಕಾಲದಲ್ಲೂ ಯಾರೂ ನೋಡದ ಜಾಗದಲ್ಲಿ ನಡೆದುಕೊಳ್ಳುವ ರೀತಿಗೆ ಸಾಕ್ಷಿ ಇರುವುದಿಲ್ಲ. ಅಲ್ಲಿ ಗುಡ್‌ನೈಟ್ ಗೆದ್ದರು. ಅವರು ಎಡವಿದ್ದು ಮಾತು ಉಳಿಸಿಕೊಳ್ಳುವುದರಲ್ಲಲ್ಲ. ಯಾರ ಜೊತೆ ಮಾತಿನ ಸಂಬಂಧ ಇಟ್ಟುಕೊಳ್ಳಬೇಕು, ಯಾರನ್ನು ಸಮಾನ ಪಾಲುದಾರರೆಂದು ಎಣಿಸಬೇಕು ಎಂಬಲ್ಲಿ. ಹತ್ತು ಸೂತ್ರಗಳ ಪಟ್ಟಿಯಲ್ಲಿ ಈ ಪ್ರಶ್ನೆ ಇಲ್ಲ.

ಕೊನೆಯ ವರ್ಷ

1926ರಲ್ಲಿ ಮೇರಿ ಆನ್ ತೀರಿಕೊಂಡರು. 1929ರ ಜನವರಿಯಲ್ಲಿ ಐಕಾರ್ಡ್ ನಿಧನರಾದಾಗ ಗುಡ್‌ನೈಟ್ ಅವರಿಗೆ 93 ತುಂಬುವುದರಲ್ಲಿತ್ತು. ಹಳೆಯ ಸಂಗಾತಿಯ ಸಮಾಧಿಗೆ ಅವರೇ ಕಲ್ಲು ಹಾಕಿಸಿದರು. ನಾಲ್ಕು ವರ್ಷ ತನ್ನೊಂದಿಗೆ ದುಡಿದ ಈ ಮನುಷ್ಯ ಎಂದೂ ಹೊಣೆಯಿಂದ ಜಾರಿಕೊಳ್ಳಲಿಲ್ಲ ಎಂಬರ್ಥದ ಮಾತು ಅದರ ಮೇಲೆ ಕೆತ್ತಿದೆ. ಅದೇ ವರ್ಷ ಡಿಸೆಂಬರ್ 12ರಂದು ಗುಡ್‌ನೈಟ್ ಕೂಡ ಅರಿಜೋನಾದ ಫೀನಿಕ್ಸ್‌ನಲ್ಲಿ ಕಣ್ಣುಮುಚ್ಚಿದರು. ಅವರ ದೇಹವನ್ನೂ ಟೆಕ್ಸಾಸ್‌ಗೆ ತಂದು ಪತ್ನಿಯ ಪಕ್ಕದಲ್ಲಿ ಮಣ್ಣು ಮಾಡಲಾಯಿತು.

ಐಕಾರ್ಡ್ ಸಮಾಧಿ ಇರುವುದು ವೆದರ್‌ಫರ್ಡ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ. 61 ವರ್ಷಗಳ ಹಿಂದೆ ತಗಡಿನ ಪೆಟ್ಟಿಗೆಯಲ್ಲಿ ಬಂದ ಲವಿಂಗ್ ಮಲಗಿದ್ದೂ ಅಲ್ಲೇ. ಬದುಕಿನಲ್ಲಿ ಸಮನಾಗಿ ಸಿಗದ ಪಾಲು ಆ ನೆಲದಲ್ಲಿ ಇಬ್ಬರಿಗೂ ಸಿಕ್ಕಿತು.