ಗುರಿಯನ್ನು ತಿದ್ದಿದ ಕುಶಲಿ: ಜಾನ್ ಗ್ಯಾರಂಡ್

ರಾಜ್ಯೋತ್ಸವದ ಸಂಚಿಕೆಯಲ್ಲಿ ಬಂದೂಕು ಮಾಡಿದವನೊಬ್ಬನ ಚರಿತ್ರೆಯೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ ಅದು. ಕವಿಗಳಿಗೂ ಸಂತರಿಗೂ ಸಲ್ಲುವ ಪುಟಗಳು ಇವು. ಆದರೆ ಹುಟ್ಟಿದ ನೆಲವನ್ನು ಬಿಟ್ಟು, ಪರಭಾಷೆಯ ಊರಿಗೆ ಬಂದು, ಬಟ್ಟೆಯ ಗಿರಣಿಯಲ್ಲಿ ಕೂಲಿಗೆ ನಿಂತು, ಕೆಲಸವನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡ ಬಾಳು ಮುಂಬಯಿಯ ಕನ್ನಡಿಗರಾದ ನಮಗೆ ತೀರ ಹೊರಗಿನದೆಂದು ತೋರದು. ಹಗಲು ದುಡಿದು, ಇರುಳು ರಾತ್ರಿಶಾಲೆಯ ದೀಪದ ಕೆಳಗೆ ಅಕ್ಷರ ಕಲಿತ ನಮ್ಮ ಹಿರಿಯರ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ. ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಜಾನ್ ಗ್ಯಾರಂಡರ ಕಥೆಯನ್ನು ಹೇಳುತ್ತೇವೆ.

ಗ್ಯಾರಂಡರು ಜನಿಸಿದುದು 1888ರ ಜನವರಿ 1ರಂದು, ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ರೆಮಿ ಎಂಬ ಊರಿನ ಬಳಿ. ಒಕ್ಕಲುತನದ ಮನೆ, ಹನ್ನೆರಡು ಮಂದಿ ಮಕ್ಕಳ ತುಂಬು ಸಂಸಾರ. ಮನೆಯ ಮಾತು ಫ್ರೆಂಚ್. 1899ರಲ್ಲಿ ತಾಯಿ ತೀರಿಕೊಂಡರು. ತಂದೆ ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ, ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಜ್ಯುವೆಟ್ ಸಿಟಿಗೆ ಬಂದರು. ಶಾಲೆಗೆ ಹೋಗಬೇಕಾದ ಹುಡುಗ ಬಟ್ಟೆಯ ಗಿರಣಿಯಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದ. ಇಂಗ್ಲಿಷು ಬಾಯಿಗೆ ಬಂದುದು ಇಲ್ಲಿಯೇ. ಯಂತ್ರಗಳ ಭಾಷೆ ಕೈಗೆ ಬಂದುದೂ ಇಲ್ಲಿಯೇ. ಬಿಡುವು ಸಿಕ್ಕಾಗಲೆಲ್ಲ ಗಿರಣಿಯ ಯಂತ್ರಗಳ ಬಳಿ ನಿಂತು ನೋಡಿ ನೋಡಿ, ಹದಿನೆಂಟರ ಹೊತ್ತಿಗೆ ಅವರು ಯಂತ್ರಕರ್ಮಿಯೇ ಆಗಿಬಿಟ್ಟರು. ಮುಂದೆ ಪ್ರಾವಿಡೆನ್ಸ್ ನಗರದ ಬ್ರೌನ್ ಮತ್ತು ಶಾರ್ಪ್ ಎಂಬ ಹೆಸರಾಂತ ಉಪಕರಣದ ಕಾರ್ಖಾನೆಯಲ್ಲಿ ದುಡಿದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ನೋಡುವ ಅಭ್ಯಾಸ ಅಂಥ ಕಡೆ ಬೆಳೆಯದೆ ಇನ್ನೆಲ್ಲಿ ಬೆಳೆದೀತು? ಗುರಿಯಾಟದ ಮೋಜು ಅವರಿಗೆ ಹುಡುಗತನದಿಂದಲೂ ಇದ್ದಿತು. ಕೈಕೆಲಸದ ನಯವೂ ಗುರಿಯ ಗೀಳೂ ಒಬ್ಬನಲ್ಲಿ ಕೂಡಿದುದೇ ಮುಂದಿನದಕ್ಕೆಲ್ಲ ಬೀಜವಾಯಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗ್ಯಾರಂಡರು ಹಗುರವಾದ ಮೆಷಿನ್‌ಗನ್ ಒಂದರ ನಕ್ಷೆಯನ್ನು ರಚಿಸಿ ಸರಕಾರಕ್ಕೆ ಒಪ್ಪಿಸಿದರು. ಸರಕಾರ ಅದನ್ನು ಮೆಚ್ಚಿ ಅವರನ್ನು ವಾಷಿಂಗ್‌ಟನ್ನಿಗೆ ಕರೆಸಿಕೊಂಡಿತು. ಬಂದೂಕು ಸಿದ್ಧವಾಗುವ ಮೊದಲೇ ಯುದ್ಧ ಮುಗಿದುಹೋಯಿತು. ಆದರೆ ಕುಶಲಿಯ ಗುರುತು ಹತ್ತಿದ ಅಧಿಕಾರಿಗಳು ಅವರನ್ನು ಕೈಬಿಡಲಿಲ್ಲ. 1919ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಅವರಿಗೆ ಕೆಲಸ ದೊರೆಯಿತು. ಮರುವರ್ಷ ಅವರು ಅಮೆರಿಕದ ಪ್ರಜೆಯಾದರು. ಅಲ್ಲಿಂದ ಮೂವತ್ತನಾಲ್ಕು ವರ್ಷ ಅದೇ ಶಸ್ತ್ರಾಗಾರ, ಅದೇ ಒಂದು ಧ್ಯಾನ.

ಆ ಧ್ಯಾನ ಯಾವುದೆಂಬುದನ್ನು ತುಸು ಬಿಡಿಸಿ ಹೇಳಬೇಕು. ಅಂದಿನ ಸಿಪಾಯಿಯ ಕೈಯಲ್ಲಿದ್ದುದು ಬಾಗಿಲ ಅಗುಳಿಯಂಥ ಬೋಲ್ಟನ್ನು ಪ್ರತಿ ಗುಂಡಿಗೂ ಎತ್ತಿ, ಎಳೆದು, ನೂಕಿ ಮುಚ್ಚಬೇಕಾದ ರೈಫಲ್. ಅಷ್ಟರಲ್ಲಿ ಕಣ್ಣು ಗುರಿಯಿಂದ ಜಾರುತ್ತದೆ, ಹೆಗಲು ಅಲುಗುತ್ತದೆ. ಸೈನ್ಯಕ್ಕೆ ಬೇಕಾದುದು ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರಿ, ಮುಂದಿನ ತೋಟಾ ತಾನಾಗಿ ಬಂದು ಕೂಡುವ ಅರೆ ಸ್ವಯಂಚಾಲಿತ ರೈಫಲ್. ಕಷ್ಟವೂ ಅದರಲ್ಲೇ ಅಡಗಿತ್ತು. ಹಳೆಯ ರೈಫಲ್ಲಿನಲ್ಲಿ ಗುಂಡು ಹೊರಟು ಹೋಗುವ ತನಕ ಯಾವ ಅಂಗವೂ ಚಲಿಸದು. ಹೊಸದರಲ್ಲಿಯಾದರೋ ಪ್ರತಿ ಗುಂಡಿನ ಜತೆಗೂ ಉಕ್ಕಿನ ಹಲವು ಅಂಗಗಳು ರಭಸದಿಂದ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ಬಂದ ಮೇಲೆ ಮೊದಲಿದ್ದ ಸ್ಥಾನದಲ್ಲಿಯೇ ಕೂಡಬೇಕು. ಕೂದಲಿನಷ್ಟು ಅತ್ತಿತ್ತ ಕೂತರೂ ನಳಿಗೆಯ ಕಂಪನ ಬದಲಾಗಿ, ಗುಂಡು ದೂರದ ಹಲಗೆಯಲ್ಲಿ ಬೇರೆಡೆ ತಾಗುತ್ತದೆ. ಗುರಿಯೆಂದರೆ ಒಂದು ಗುಂಡನ್ನು ನಟ್ಟನಡುವೆ ಹೊಡೆಯುವುದಲ್ಲ, ಎಂಟು ಗುಂಡೂ ಒಂದೇ ರೀತಿಯಲ್ಲಿ ಹೋಗುವಂತೆ ಮಾಡುವುದು. ಗ್ಯಾರಂಡರ ಬಾಳಿನ ಸಾರವನ್ನು ಈ ಒಂದು ಮಾತಿನಲ್ಲಿ ಅಡಕ ಮಾಡಬಹುದು.

ಪರೀಕ್ಷೆಯ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ರೈಫಲ್ಲನ್ನು ಅಲುಗದ ಆಸರೆಯ ಮೇಲಿಟ್ಟು, ಒಂದೇ ಬಗೆಯ ತೋಟಾಗಳಿಂದ, ಗೊತ್ತಾದ ದೂರದ ಕಾಗದಕ್ಕೆ ಹೊಡೆಯುತ್ತಾರೆ. ತೂತುಗಳ ಗುಂಪು ಎಷ್ಟು ಅಗಲಕ್ಕೆ ಹರಡಿತೆಂದು ಅಳೆಯುತ್ತಾರೆ. ಗುಂಪು ಚಿಕ್ಕದಾಗಿದ್ದು ನಡುವಿನಿಂದ ಸರಿದಿದ್ದರೆ ತಪ್ಪು ಗುರಿ ನೋಡುವ ಕಿಂಡಿಯದು. ಅದನ್ನು ತಿರುಗಿಸಿ ಸರಿಪಡಿಸಬಹುದು. ಗುಂಪೇ ಚದರಿದ್ದರೆ ದೋಷ ರೈಫಲ್ಲಿನ ಒಳಗೋ ತೋಟಾದಲ್ಲೋ ಇದೆ. ಆಗ ಒಂದೊಂದು ಅಂಗವನ್ನೇ ಬದಲಿಸುತ್ತ, ಪ್ರತಿ ಸಲವೂ ಮತ್ತೆ ಹೊಡೆದು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋಗುತ್ತದೆ. ಗ್ಯಾರಂಡರ ರೈಫಲ್ಲಿನ ಹಿಂದಿನ ಕಿಂಡಿಯನ್ನು ಒಂದು ಗಳಿಗೆ ತಿರುಗಿಸಿದರೆ ನೂರು ಗಜದಲ್ಲಿ ಗುಂಡು ಸುಮಾರು ಒಂದು ಅಂಗುಲ ಸರಿಯುತ್ತಿತ್ತು. ಸಾಮಾನ್ಯ ಸಿಪಾಯಿಯೂ ತನ್ನ ರೈಫಲ್ಲಿನ ಗುರಿಯನ್ನು ತಾನೇ ತಿದ್ದಿಕೊಳ್ಳಲು ಇದರಿಂದ ಸಾಧ್ಯವಾಯಿತು.

ದಾರಿ ಮಾತ್ರ ಸುಗಮವಾಗಿರಲಿಲ್ಲ. ಗ್ಯಾರಂಡರ ಮೊದಲ ರೈಫಲ್ ತೋಟಾದ ಹಿಂಬದಿಯ ಸಿಡಿತಲೆಯ ಒದೆತದಿಂದ ನಡೆಯುವಂಥದು. 1920ರ ದಶಕದಲ್ಲಿ ಸೈನ್ಯ ತೋಟಾದ ಮದ್ದನ್ನು ಬದಲಿಸಿತು; ಹಳೆಯ ಉಪಾಯ ಅದಕ್ಕೆ ಹೊಂದಲಿಲ್ಲ. ವರ್ಷಗಳ ದುಡಿಮೆಯನ್ನು ಬದಿಗಿಟ್ಟು, ಮದ್ದು ಉರಿದು ಹುಟ್ಟುವ ಅನಿಲದ ಒತ್ತಡದಿಂದ ನಡೆಯುವ ರೈಫಲ್ಲಿಗೆ ಅವರು ಕೈಹಾಕಿದರು. ಎದುರಾಳಿಯಾಗಿ ನಿಂತಿದ್ದವರು ಜಾನ್ ಪೆಡರ್ಸನ್ ಎಂಬ ಅಸಾಧಾರಣ ಪ್ರತಿಭಾವಂತರು. ಅವರ ರೈಫಲ್ಲಿಗೆ ಮೇಣ ಸವರಿದ ತೋಟಾಗಳು ಬೇಕಾಗಿದ್ದುವು. ಗ್ಯಾರಂಡರದಕ್ಕೆ ಆ ಉಪಚಾರ ಬೇಕಿರಲಿಲ್ಲ. ಪರೀಕ್ಷಕರು ಗ್ಯಾರಂಡರ ಪರವಾಗಿ ತೀರ್ಪಿತ್ತರಾದರೂ, ಅವರೊಪ್ಪಿದುದು 0.276 ಅಂಗುಲದ ಸಣ್ಣ ಗುಂಡಿನ ರೈಫಲ್ಲನ್ನು. 1932ರಲ್ಲಿ ಸೈನ್ಯದ ಮುಖ್ಯಸ್ಥರಾಗಿದ್ದ ಡಗ್ಲಸ್ ಮ್ಯಾಕ್‌ಆರ್ಥರ್ ಅದನ್ನು ತಳ್ಳಿಹಾಕಿ, ದೇಶದ ಉಗ್ರಾಣಗಳಲ್ಲಿ ತುಂಬಿರುವ 0.30 ಅಂಗುಲದ ತೋಟಾಕ್ಕೇ ರೈಫಲ್ ಹೊಂದಬೇಕೆಂದು ವಿಧಿಸಿದರು. ಮತ್ತೊಮ್ಮೆ ಕೆಲಸ. ಕೊನೆಗೆ 1936ರ ಜನವರಿಯಲ್ಲಿ ಎಂ1 ಎಂಬ ಹೆಸರಿನಿಂದ ಆ ರೈಫಲ್ ಅಂಗೀಕೃತವಾಯಿತು. ಸ್ಪ್ರಿಂಗ್‌ಫೀಲ್ಡಿಗೆ ಬಂದು ಹದಿನಾರು ವರ್ಷ ಕಳೆದಿದ್ದುವು.

ಅಂಗೀಕಾರದಿಂದ ಕಷ್ಟ ತೀರಿತೆಂದುಕೊಂಡರೆ ಅದು ನಮ್ಮ ತಪ್ಪಾದೀತು. ಮೊದಲ ರೈಫಲ್ಲುಗಳಲ್ಲಿ ಅನಿಲವನ್ನು ನಳಿಗೆಯ ಬಾಯಿಯ ಮುಂದೆ ಒಂದು ಗೂಡಿನಲ್ಲಿ ಹಿಡಿಯುತ್ತಿದ್ದರು. ಗೂಡಿನಲ್ಲಿ ಮಸಿ ಕಟ್ಟುತ್ತಿತ್ತು. ಗುರಿ ನೋಡುವ ಮುಂದಿನ ಮೊನೆಯಿದ್ದುದೂ ಈ ಭಾಗದ ಮೇಲೆಯೇ. ಆ ಭಾಗ ಸಡಿಲವಾದರೆ ಗುರಿಯೂ ಸಡಿಲ. ಆದುದರಿಂದ ಬಾಯಿಯ ಸಮೀಪ ನಳಿಗೆಗೇ ಸಣ್ಣ ರಂಧ್ರ ಕೊರೆದು ಅನಿಲವನ್ನು ತೆಗೆದುಕೊಳ್ಳುವ ಏರ್ಪಾಡನ್ನು 1940ರ ವೇಳೆಗೆ ಬಳಕೆಗೆ ತಂದರು. ಇನ್ನೊಂದು ದೋಷ ಇದಕ್ಕಿಂತ ವಿಚಿತ್ರ. ಎಂಟು ಗುಂಡುಗಳಲ್ಲಿ ಏಳನೆಯದು ಬಂದಾಗ ರೈಫಲ್ ಸಿಕ್ಕಿಕೊಳ್ಳುತ್ತಿತ್ತು. ಗ್ಯಾರಂಡರ ಕೋಣೆಯಲ್ಲಿ ಕೈಯಿಂದ ಮಾಡಿದ ರೈಫಲ್ಲುಗಳಲ್ಲಿ ಈ ರೋಗವಿರಲಿಲ್ಲ, ಕಾರ್ಖಾನೆಯಿಂದ ಬಂದವುಗಳಲ್ಲಿ ಮಾತ್ರ ಕಾಣಿಸಿತು. ಹುಡುಕಿ ನೋಡಲಾಗಿ, ತೋಟಾಗಳಿಗೆ ದಾರಿ ತೋರುವ ಉಕ್ಕಿನ ಸಣ್ಣ ಏಣೊಂದನ್ನು ಯಂತ್ರದಲ್ಲಿ ಕೊರೆಯುವಾಗ ಹೆಚ್ಚಾಗಿ ಕತ್ತರಿಸಿರುವುದು ತಿಳಿಯಿತು. ಅದೇ ಸಮಯದಲ್ಲಿ ಪತ್ರಿಕೆಗಳ ಟೀಕೆ, ಮೆಲ್ವಿನ್ ಜಾನ್ಸನ್ನರ ಹೊಸ ರೈಫಲ್ಲಿನ ಪೈಪೋಟಿ, ಕಾಂಗ್ರೆಸ್ಸಿನಲ್ಲಿ ವಿಚಾರಣೆ. ಬಾಯಿಗೆ ಬಾಯಿ ಕೊಡುವುದು ಗ್ಯಾರಂಡರ ಸ್ವಭಾವವಲ್ಲ. ಉತ್ತರವನ್ನು ಕಾರ್ಖಾನೆಯ ನೆಲದಲ್ಲಿಯೇ ಕೊಟ್ಟರು. ರೈಫಲ್ಲನ್ನಲ್ಲದೆ ಅದನ್ನು ಲಕ್ಷಗಟ್ಟಲೆ ತಯಾರಿಸಲು ಬೇಕಾದ ಯಂತ್ರೋಪಕರಣಗಳ ರಚನೆಯಲ್ಲಿಯೂ ಅವರ ಬುದ್ಧಿ ಓಡಿತು. ಒಂದು ರೈಫಲ್ಲನ್ನು ಚೆನ್ನಾಗಿ ಮಾಡುವುದು ಜಾಣತನ. ಹತ್ತು ಲಕ್ಷವನ್ನು ಒಂದೇ ಹದಕ್ಕೆ ಮಾಡುವುದು ಮತ್ತೊಂದು ವಿದ್ಯೆ.

ಎರಡನೆಯ ಮಹಾಯುದ್ಧದಲ್ಲಿ ಇಂಥ ರೈಫಲ್ಲನ್ನು ಸಾಮಾನ್ಯ ಕಾಲಾಳುವಿನ ಮುಖ್ಯ ಆಯುಧವಾಗಿ ಕೊಟ್ಟ ಸೈನ್ಯ ಅಮೆರಿಕದ್ದು. ಬೇರೆಯವರ ಕಾಲಾಳುಗಳಲ್ಲಿ ಹೆಚ್ಚಿನವರು ಅಗುಳಿಯ ರೈಫಲ್ಲನ್ನೇ ಹೊತ್ತಿದ್ದರು. ಸೇನಾನಿ ಪ್ಯಾಟನ್ ಇದನ್ನು ಬಾಯ್ತುಂಬ ಹೊಗಳಿದರು. ಒಟ್ಟು 50 ಲಕ್ಷಕ್ಕೂ ಮೇಲ್ಪಟ್ಟು ತಯಾರಾದುವು. ಆಯುಧದ ಈ ಅಂತರ ಎಷ್ಟು ದೊಡ್ಡದೆಂಬುದನ್ನು ನಮ್ಮ ದೇಶ ಬೆಲೆ ತೆತ್ತು ಕಲಿಯಿತು. 1962ರ ಹಿಮಾಲಯದಲ್ಲಿ ನಮ್ಮ ಯೋಧರು ಹಳೆಯ 0.303 ರೈಫಲ್ಲುಗಳನ್ನು ಹಿಡಿದೇ ಕಾದಬೇಕಾಯಿತು. ಭಾರತದ್ದೇ ಆದ ಅರೆ ಸ್ವಯಂಚಾಲಿತ ರೈಫಲ್ ಇಷಾಪುರದ ಕಾರ್ಖಾನೆಯಿಂದ ಸೈನ್ಯವನ್ನೆಲ್ಲ ತಲಪಿದುದು ಆಮೇಲೆ.

ಈ ಎಲ್ಲದಕ್ಕೆ ಗ್ಯಾರಂಡರಿಗೆ ದೊರೆತುದೇನು? ತಮ್ಮ ಹಕ್ಕುಗಳನ್ನು ಅವರು ಸರಕಾರಕ್ಕೇ ಬಿಟ್ಟುಕೊಟ್ಟಿದ್ದರು. ರೈಫಲ್ಲೊಂದಕ್ಕೆ ಒಂದು ಕಾಸಿನಂತೆ ಬಂದಿದ್ದರೂ ಧನಿಕರಾಗುತ್ತಿದ್ದರು. ಲಕ್ಷ ಡಾಲರುಗಳ ಕೊಡುಗೆ ನೀಡಬೇಕೆಂದು ಕಾಂಗ್ರೆಸ್ಸಿನಲ್ಲಿ ಮಸೂದೆ ಬಂದು, ಮಂಜೂರಾಗದೆ ಬಿದ್ದುಹೋಯಿತು. 1944ರಲ್ಲಿ ಸರಕಾರ ಪದಕವಿತ್ತು ಗೌರವಿಸಿತು. ತಿಂಗಳ ಸಂಬಳದ ಬಾಳನ್ನೇ ಬಾಳಿ 1953ರಲ್ಲಿ ಅವರು ನಿವೃತ್ತರಾದರು. ಅವರ ರೈಫಲ್ ಹೋರಾಡಿದ ಕೊರಿಯದ ಯುದ್ಧ ನಿಂತುದೂ ಅದೇ ವರ್ಷ. ಅಲ್ಲಿನ ಯುದ್ಧಕೈದಿಗಳ ವಿಲೇವಾರಿಗೆ ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ವೀರ ಜನರಲ್ ತಿಮ್ಮಯ್ಯನವರೆಂಬುದನ್ನು ನಾವು ಅಭಿಮಾನದಿಂದ ಸ್ಮರಿಸಬಹುದು. ಸ್ಪ್ರಿಂಗ್‌ಫೀಲ್ಡಿನ ಕುಶಲಿಗಳು ಆ ಬಳಿಕವೂ ಎಂ1 ರೈಫಲ್ಲನ್ನು ಸ್ಪರ್ಧೆಗಳಿಗಾಗಿ ತಿದ್ದುತ್ತಲೇ ಇದ್ದರು: ಉಕ್ಕಿನ ಭಾಗ ಮರದ ಮೈಯಲ್ಲಿ ಅಲುಗದಂತೆ ಗಾಜಿನ ನಾರು ಬೆರೆಸಿದ ಅಂಟಿನ ಹಾಸು ಹಾಕಿದರು, ಅನಿಲದ ಕೊಳವೆಯನ್ನು ಬಿಗಿಗೊಳಿಸಿದರು, ಕಿಂಡಿಯ ಅಳತೆಯನ್ನು ಅರ್ಧಕ್ಕಿಳಿಸಿದರು. 1968ರಲ್ಲಿ ಶಸ್ತ್ರಾಗಾರ ಮುಚ್ಚಿತು. ಇಂದು ಅದು ವಸ್ತುಸಂಗ್ರಹಾಲಯ. 1974ರ ಫೆಬ್ರವರಿ 16ರಂದು ಗ್ಯಾರಂಡರು ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಣ್ಮುಚ್ಚಿದರು.

ಬಂದೂಕು ಕೊಲ್ಲುವ ವಸ್ತು. ಗಾಂಧೀಜಿಯ ನಾಡಿನವರಾದ ನಾವು ಅದನ್ನು ಪೂಜಿಸಲಾರೆವು. ಗಡಿಯಲ್ಲಿ ಅದನ್ನು ಹಿಡಿದು ನಿಂತವನ ಋಣವನ್ನು ಮರೆಯಲೂ ಆರೆವು. ಆದರೆ ಗ್ಯಾರಂಡರ ಬಾಳಿನಿಂದ ನಾವು ಎತ್ತಿಕೊಳ್ಳಬೇಕಾದುದು ಬಂದೂಕನ್ನಲ್ಲ, ಆ ದುಡಿಮೆಯ ರೀತಿಯನ್ನು. ಪರೀಕ್ಷೆಗೆ ಅಂಜದಿರುವುದು, ದೋಷ ಕಂಡಾಗ ಅದರ ಬೇರನ್ನು ಹುಡುಕುವುದು, ಒಂದು ದಿನದ ಮಿಂಚಿಗಿಂತ ದಿನದಿನದ ಒಂದೇ ಹದವನ್ನು ದೊಡ್ಡದೆಂದು ಬಗೆಯುವುದು. ಪರನಾಡಿನಲ್ಲಿ ಕನ್ನಡದ ದೀಪವನ್ನು ಕಾಯುವ ನಮ್ಮಂಥ ಸಂಘಗಳಿಗೂ ವರ್ಷಕ್ಕೊಂದು ದಿನದ ಉತ್ಸಾಹ ಸಾಲದು. ಉಳಿದ ದಿನಗಳ ಕೆಲಸವೂ ಅದೇ ಗುರಿಗೆ ತಾಗಬೇಕು.